ಕರಿ ಹೆಂಡಿ ಕಂಡರೆ ತಿಪ್ಪೆಗೆ ಹಾಕಬೇಡಿ

ಹೈನುಗಾರ ಅಕ್ಕ-ತಂಗಿಯರೇ,

ಸೊಲ್ಲಾಪುರ ರಸ್ತೆ, ತಿಕೋಟಾ, ಬಬಲೇಶ್ವರ ಭಾಗದ ಕೊಟ್ಟಿಗೆಗಳಿಗೆ ಹೋದಾಗ ನಾನು ಮೊದಲು ಕೇಳುವುದು, "ಇವತ್ತಿನ ಹೆಂಡಿ ಎಲ್ಲಿ?" ಎಂದು. "ಆಗಲೇ ಬಳದು ತಿಪ್ಪಿಗೆ ಹಾಕೀನ್ರಿ" ಎನ್ನುತ್ತೀರಿ. ಕೊಟ್ಟಿಗೆ ಸ್ವಚ್ಛವಾಗಿರುತ್ತದೆ, ಆದರೆ ರೋಗದ ದೊಡ್ಡ ಗುರುತು ಹೋಗಿರುತ್ತದೆ.

ಆಕಳ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ನಾಲ್ಕನೆಯದರಲ್ಲಿ ನಮ್ಮ ಹೊಟ್ಟೆಯಂತೆಯೇ ಆಮ್ಲ ಇರುತ್ತದೆ, ನಮ್ಮಂತೆಯೇ ಅಲ್ಲಿ ಹುಣ್ಣೂ ಆಗುತ್ತದೆ. ಕರು ಹಾಕಿದ ಮೊದಲ 6 ವಾರ ಹೆಚ್ಚು ಎಚ್ಚರ ಬೇಕು. ಕಣಕಿ ಕಡಿಮೆ ಮಾಡಿ ಹಿಂಡಿಯನ್ನು ಒಮ್ಮೆಲೇ ಹೆಚ್ಚಿಸುವುದು, ಬೇರೆ ಕಾಯಿಲೆಯ ಬಳಲಿಕೆ, ವೈದ್ಯರನ್ನು ಕೇಳದೆ ದಿನಗಟ್ಟಲೆ ನೋವಿನ ಔಷಧ ಕೊಡುವುದು ಇದಕ್ಕೆ ಕಾರಣ. ಉಣ್ಣಿಯಿಂದ ಬರುವ ಥೈಲೇರಿಯಾ ರೋಗದಲ್ಲೂ ಇಂಥ ಹುಣ್ಣುಗಳಾಗುತ್ತವೆ.

ನೀವು ನೋಡಬೇಕಾದ ಗುರುತುಗಳು:

ಹೆಂಡಿ: ಡಾಂಬರಿನಂತೆ ಕಪ್ಪು, ಅಂಟು, ಕೆಟ್ಟ ವಾಸನೆ. ಹುಣ್ಣಿನ ರಕ್ತ ಹೆಂಡಿಯಲ್ಲಿ ಕಾಣಲು ಕನಿಷ್ಠ 8 ತಾಸು ಬೇಕು. ಅಂದರೆ ನೀವು ನೋಡುವ ಹೊತ್ತಿಗೆ ಅರ್ಧ ದಿನ ಕಳೆದಿರಬಹುದು.

ಕಣ್ಣು: ಕೆಳರೆಪ್ಪೆ ಎಳೆದು ನೋಡಿ. ಗುಲಾಬಿ ಬಣ್ಣವಿರಬೇಕು. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ.

ಕಿವಿ, ಕಾಲು: ಮುಟ್ಟಿದರೆ ತಣ್ಣಗಿರುತ್ತವೆ.

ನಾಡಿ: ಬಾಲದ ಬುಡದಿಂದ ಒಂದು ಗೇಣು ಕೆಳಗೆ, ಒಳಬದಿಗೆ ಬೆರಳಿಡಿ. ನಿಮಿಷಕ್ಕೆ 60ರಿಂದ 80 ಸರಿ. ಸುಮ್ಮನೆ ನಿಂತಾಗಲೂ 100 ದಾಟಿದರೆ ಅಪಾಯ.

ನೋವು: ಹಲ್ಲು ಕಡಿಯುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ.

ನಾವು ಬಂದಾಗ ಎದೆಮೂಳೆಯ ಹಿಂದೆ, ಬಲಗಡೆ ಹೊಟ್ಟೆ ಒತ್ತಿ ನೋಡುತ್ತೇವೆ. ಹುಣ್ಣಿದ್ದರೆ ಆಕಳು ನರಳಬಹುದು. ತಂತಿ, ಮೊಳೆ ನುಂಗಿದ ಆಕಳೂ ನರಳುತ್ತದೆ. ಇನ್ನು ರಕ್ತ ಸೋರುವ ಹುಣ್ಣಿನಲ್ಲಿ ನೋವೇ ಕಾಣದಿರಬಹುದು. ಹುಣ್ಣು ತೂತಾದರೆ ಹೆಂಡಿ ಕಪ್ಪಾಗದೆಯೂ ಆಕಳು ಕುಸಿಯಬಹುದು. ಆದ್ದರಿಂದ ಒಂದೇ ಗುರುತು ಹಿಡಿದು ತೀರ್ಮಾನಿಸಲಾಗದು. ನೀವು ಬೆಳಗ್ಗೆ ಕಂಡದ್ದು ನಮಗೆ ಬೇಕು.

ಕರಿ ಹೆಂಡಿ ಕಂಡರೆ ಒಂದಿಷ್ಟನ್ನು ಬುಟ್ಟಿ ಮುಚ್ಚಿ ಇಡಿ. ಎಣ್ಣೆ, ಸೋಡಾ ಕುಡಿಸಬೇಡಿ. ಹಿಂಡಿ ನಿಲ್ಲಿಸಿ, ಕಣಕಿ-ನೀರು ಮುಂದಿಡಿ. ಆಕಳನ್ನು ನಡೆಸಬೇಡಿ. ಕೂಡಲೇ ಪಶುವೈದ್ಯರಿಗೆ ಅಥವಾ 1962ಕ್ಕೆ ಫೋನ್ ಮಾಡಿ, ಕೊಟ್ಟ ಔಷಧದ ಹೆಸರು ಹೇಳಿ.

ಕೊನೆಗೊಂದು ಮಾತು. ಸೊಂಟನೋವೆಂದು ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿ ಹಾಲು ಹಿಂಡಲು ಕೂರುವವರು ನಿಮ್ಮಲ್ಲೂ ಇದ್ದೀರಿ. ನಿಮಗೇ ಹೊಟ್ಟೆ ಉರಿದು ಮಲ ಕಪ್ಪಾದರೆ, ಆಕಳಿಗೆ ಮಾಡುವಷ್ಟೇ ಅವಸರ ಮಾಡಿ ದವಾಖಾನೆಗೆ ಹೋಗಿ.