ಮಾವಿನ ಹಣ್ಣುನೊಣ: ಅಂಗರಚನೆ ಮತ್ತು ಗುರುತು

ಬಾದಾಮಿ ಅಥವಾ ರಸಪುರಿ ಹಣ್ಣನ್ನು ಹೊರಗಿನಿಂದ ನೋಡಿದರೆ ಎಷ್ಟೋ ಸಲ ಯಾವ ದೋಷವೂ ಕಾಣುವುದಿಲ್ಲ. ಕೊಯ್ದಾಗ ಮಾತ್ರ ತಿರುಳು ನೀರಾಗಿ, ಬಿಳಿಯ ಹುಳುಗಳು ಒಳಗೆ ಹರಿದಾಡುತ್ತಿರುತ್ತವೆ. ಸಿಪ್ಪೆಯನ್ನು ಬೆಳಕಿಗೆ ಹಿಡಿದು ಹುಡುಕಿದರೆ ಸೂಜಿ ಚುಚ್ಚಿದಂಥ ಒಂದು ಕಪ್ಪು ಚುಕ್ಕೆ ಸಿಕ್ಕೀತು. ಹಣ್ಣುನೊಣದ ಹೆಣ್ಣು ಮೊಟ್ಟೆಯಿಟ್ಟ ಗುರುತು ಅದು.

ಮಾವಿನ ತೋಟಗಳಲ್ಲಿ ರೈತರು ಇದನ್ನು 'ಊಜಿ' ಎಂದು ಕರೆಯುವುದುಂಟು. ಈ ಹೆಸರು ಗೊಂದಲಕ್ಕೆ ಎಡೆಮಾಡಿದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟು ರೇಷ್ಮೆ ಹುಳುವನ್ನು ಕಾಡಿದ ಊಜಿ ನೊಣವು ಬೂದು ಬಣ್ಣದ, ಮೈತುಂಬ ಬಿರುಗೂದಲಿರುವ ಬೇರೆ ಕುಟುಂಬದ ಕೀಟ. ಅದು ಹಣ್ಣಿನ ತಂಟೆಗೆ ಬರುವುದಿಲ್ಲ. ಬಾಳೆಹಣ್ಣು ಕೊಳೆತಾಗ ಮುತ್ತುವ ಕೆಂಗಣ್ಣಿನ ಪುಟ್ಟ ನೊಣವೂ ಇದಲ್ಲ. ಅದು ಒಡೆದ, ಹುಳಿಬಂದ ಹಣ್ಣಿಗೆ ಬರುವ ಡ್ರೊಸೊಫಿಲ. ಗಟ್ಟಿ ಸಿಪ್ಪೆಯನ್ನು ಚುಚ್ಚುವ ಶಕ್ತಿ ಅದಕ್ಕಿಲ್ಲ.

ಮಾವಿನ ಹಣ್ಣುನೊಣದ ಶಾಸ್ತ್ರೀಯ ಹೆಸರು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಎರಡು ರೆಕ್ಕೆಯ ಕೀಟಗಳ ಗಣವಾದ ಡಿಪ್ಟೆರದಲ್ಲಿ ಟೆಫ್ರಿಟಿಡೇ ಕುಟುಂಬಕ್ಕೆ ಇದು ಸೇರಿದೆ. ಇದರ ಹತ್ತಿರದ ಬಳಗವೆಲ್ಲ ಏಷ್ಯ ಮತ್ತು ಪೆಸಿಫಿಕ್ ದ್ವೀಪಗಳ ಮಳೆಕಾಡಿನಲ್ಲಿ ಕಾಡುಹಣ್ಣುಗಳನ್ನು ಆಶ್ರಯಿಸಿ ಬೆಳೆದದ್ದು. ಕಾಡು ಕಡಿದು ತೋಟ ಮಾಡಿದಲ್ಲೆಲ್ಲ ಈ ಪ್ರಭೇದವು ಮಾವು, ಸೀಬೆ, ಸಪೋಟ ಮುಂತಾದ ನೂರಾರು ಬಗೆಯ ಹಣ್ಣುಗಳಿಗೆ ಒಗ್ಗಿಕೊಂಡಿತು.

ನೊಣದ ಉದ್ದ ಸುಮಾರು 7ರಿಂದ 8 ಮಿ.ಮೀ. ಹಳದಿ-ಕಪ್ಪು ಬಣ್ಣದಿಂದಾಗಿ ಇದನ್ನು ಸಣ್ಣ ಕಣಜವೆಂದು ತಿಳಿಯುವವರೇ ಹೆಚ್ಚು. ರೆಕ್ಕೆ ಎಣಿಸಿದರೆ ಸಂಶಯ ತೀರುತ್ತದೆ. ಕಣಜಕ್ಕೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ಜೊತೆ ರೆಕ್ಕೆಗಳು ನೊಣದಲ್ಲಿ ಗುಂಡುಸೂಜಿಯ ತಲೆಯಂಥ ಎರಡು ಗುಬುಟುಗಳಾಗಿ ಮಾರ್ಪಟ್ಟಿವೆ. ಹಾರುವಾಗ ಸಮತೋಲ ಕಾಯುವುದು ಅವುಗಳ ಕೆಲಸ.

ಭೂತಕನ್ನಡಿಯಲ್ಲಿ ನೋಡಿದರೆ ಮುಖದ ಮೇಲೆ ಎರಡು ಕಪ್ಪು ಚುಕ್ಕೆಗಳಿರುತ್ತವೆ. ಎದೆಯ ಬೆನ್ನುಭಾಗ ಬಹುಪಾಲು ಕಪ್ಪು. ಅದರ ಎಡಬಲಗಳಲ್ಲಿ ಒಂದೊಂದು ಹಳದಿ ಪಟ್ಟೆ, ಹಿಂಬದಿಯಲ್ಲಿ ಹಳದಿಯ ಸಣ್ಣ ಮುಕ್ಕೋನ. ಕಂದುಗೆಂಪು ಉದರದ ಮೇಲೆ ಇಂಗ್ಲಿಷಿನ 'ಟಿ' ಅಕ್ಷರದಂಥ ಕಪ್ಪು ಗುರುತು. ರೆಕ್ಕೆ ಪಾರದರ್ಶಕ, ಮುಂಅಂಚಿನ ಉದ್ದಕ್ಕೂ ತುದಿಯವರೆಗೆ ಕಿರಿದಾದ ಕಂದು ಗೆರೆ ಕಡಿಯದೆ ಸಾಗುತ್ತದೆ. ಈ ಗೆರೆ ಮುಖ್ಯ. ನಮ್ಮ ಮಾವಿನ ತೋಟಗಳಲ್ಲೇ ಇರುವ ಇನ್ನೆರಡು ಪ್ರಭೇದಗಳಾದ ಜೊನೇಟ ಮತ್ತು ಕರೆಕ್ಟಗಳಲ್ಲಿ ಗೆರೆ ನಡುವೆ ಅಳಿಸಿಹೋಗಿ, ರೆಕ್ಕೆಯ ತುದಿಯಲ್ಲಿ ಬಿಡಿಯಾದ ಒಂದು ಮಚ್ಚೆ ಉಳಿದಿರುತ್ತದೆ. ಕರೆಕ್ಟದಲ್ಲಿ ಮುಖದ ಚುಕ್ಕೆಗಳು ಅಡ್ಡಲಾಗಿ ಕೂಡಿಕೊಂಡಿರುತ್ತವೆ.

ಬಾಯಿಯು ಸ್ಪಂಜಿನಂತೆ ದ್ರವ ಹೀರುವಂಥದು. ಹಲ್ಲೂ ಇಲ್ಲ, ಚುಚ್ಚುವ ಮುಳ್ಳೂ ಇಲ್ಲ. ಆದ್ದರಿಂದ ಬೆಳೆದ ನೊಣ ಹಣ್ಣನ್ನು ಕೊರೆಯುವುದಿಲ್ಲ; ಎಲೆಯ ಮೇಲಿನ ಸಿಹಿ ಅಂಟು, ಹಕ್ಕಿಯ ಹಿಕ್ಕೆ, ಸೂಕ್ಷ್ಮಜೀವಿಗಳನ್ನು ನೆಕ್ಕಿ ಬದುಕುತ್ತದೆ. ಮೊಟ್ಟೆ ಬಲಿಯಲು ಹೆಣ್ಣಿಗೆ ಸಸಾರಜನಕಯುಕ್ತ ಆಹಾರ ಬೇಕೇ ಬೇಕು. ಪ್ರೋಟೀನ್ ಬೆರೆಸಿದ ವಿಷದ ಆಮಿಷ ಫಲ ಕೊಡುವುದು ಇದೇ ಕಾರಣದಿಂದ.

ಹಾನಿಯ ಆಯುಧ ಇರುವುದು ಹೆಣ್ಣಿನ ಉದರದ ತುದಿಯಲ್ಲಿ. ಒಂದರೊಳಗೊಂದು ಸೇರಿಕೊಂಡ ಮೂರು ಭಾಗಗಳ ಕೊಳವೆ ಅದು. ಹೊರಗಿನದು ಗಟ್ಟಿ ಕವಚ, ನಡುವಿನದು ಒಳಹೊರಗು ಮಗುಚುವ ಪೊರೆ, ಕೊನೆಯದು ಸೂಜಿ. ಹೆಣ್ಣು ಇದನ್ನು ಚಾಚಿ ಸಿಪ್ಪೆಗೆ ಚುಚ್ಚಿ, ಬಾಳೆಹಣ್ಣಿನಂತೆ ಬಾಗಿದ ಸುಮಾರು 1 ಮಿ.ಮೀ. ಉದ್ದದ ಬಿಳಿ ಮೊಟ್ಟೆಗಳನ್ನು ಇಳಿಸುತ್ತದೆ. ಬೇಸಿಗೆಯಲ್ಲಿ ಒಂದೆರಡು ದಿನಗಳಲ್ಲೇ ಮೊಟ್ಟೆ ಒಡೆಯುತ್ತದೆ. ಕಾಲಿಲ್ಲದ ಹುಳುವಿಗೆ ಬಾಯಲ್ಲಿ ಎರಡು ಕಪ್ಪು ಕೊಕ್ಕೆಗಳಿದ್ದು, ಅವುಗಳಿಂದಲೇ ತಿರುಳನ್ನು ಕೆರೆದು ತಿನ್ನುತ್ತದೆ. ಬಲಿತ ಹುಳು ಮೈ ಮಡಿಸಿ ಚಿಮ್ಮಿ ನೆಲಕ್ಕೆ ಬಿದ್ದು, ಮಣ್ಣಿನ ಮೇಲ್ಪದರದಲ್ಲೇ ಕೋಶವಾಗುತ್ತದೆ. ಹುಳು ಸಿಪ್ಪೆಯ ಒಳಗೂ ಕೋಶ ಮಣ್ಣಿನೊಳಗೂ ಇರುವುದರಿಂದ ಮರದ ಮೇಲೆ ಸಿಂಪಡಿಸಿದ ಔಷಧ ಇವೆರಡಕ್ಕೂ ತಗಲುವುದಿಲ್ಲ. ಉದುರಿದ ಹಣ್ಣನ್ನು ದಿನವೂ ಆಯ್ದು ಎರಡಡಿ ಆಳದಲ್ಲಿ ಹೂಳಬೇಕೆಂದು ಹೇಳುವುದು ಇದಕ್ಕಾಗಿಯೇ.

ಗಂಡಿನ ಉದರದ ಮೂರನೆಯ ಭಾಗದಲ್ಲಿ ಎರಡೂ ಪಕ್ಕಕ್ಕೆ ಬಾಚಣಿಗೆಯಂಥ ಬಿರುಗೂದಲ ಸಾಲಿದೆ. ಮೀಥೈಲ್ ಯೂಜಿನಾಲ್ ಎಂಬ ಸುಗಂಧ ವಸ್ತುವಿಗೆ ಈ ಗಂಡುಗಳು ಮರುಳಾಗುತ್ತವೆ. ಅದನ್ನು ಹೀರಿ, ದೇಹದಲ್ಲಿ ಮಾರ್ಪಡಿಸಿ, ಗುದದ ಬಳಿಯ ಗ್ರಂಥಿಯಲ್ಲಿ ಕೂಡಿಟ್ಟು, ಮುಸ್ಸಂಜೆಯಲ್ಲಿ ಹೆಣ್ಣನ್ನು ಕರೆಯಲು ಹೊರಬಿಡುತ್ತವೆ. ತುಳಸಿಯಲ್ಲೂ ಈ ವಸ್ತುವಿದೆ. ಬಿಹಾರದ ಪೂಸಾದಲ್ಲಿ ಕೀಟತಜ್ಞ ಹೌಲೆಟ್ 1912ರಲ್ಲಿ ಸಿಟ್ರೊನೆಲ್ಲ ಎಣ್ಣೆಗೆ ಗಂಡುನೊಣಗಳು ಮುತ್ತುವುದನ್ನು ವರದಿ ಮಾಡಿ, 1915ರ ಹೊತ್ತಿಗೆ ಆಕರ್ಷಣೆಯ ಮೂಲ ಮೀಥೈಲ್ ಯೂಜಿನಾಲ್ ಎಂದು ತೋರಿಸಿದರು. ಇಂದಿನ ಮೋಹಕ ಬಲೆಯ ಹುಟ್ಟು ಅಲ್ಲಿದೆ. ಪೆಸಿಫಿಕ್‌ನ ರೋಟಾ ದ್ವೀಪದಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಇದೇ ಆಮಿಷದಿಂದ ಗಂಡುಗಳನ್ನೆಲ್ಲ ಕೊಂದು ಈ ನೊಣವನ್ನು ನಿರ್ಮೂಲ ಮಾಡಲಾಯಿತು.

ಬಲೆಯಲ್ಲಿ ಬಿದ್ದ ನೊಣಗಳನ್ನು ರೈತರು ಒಮ್ಮೆ ಅಂಗೈಗೆ ಸುರಿದು ನೋಡುವುದು ಒಳ್ಳೆಯದು. ಎಲ್ಲದರ ಹಿಂತುದಿ ಮೊಂಡಾಗಿರುತ್ತದೆ, ಅಂದರೆ ಎಲ್ಲವೂ ಗಂಡು. ಬಸಿರಾದ ಹೆಣ್ಣು ಈ ಬಲೆಗೆ ಬರುವುದಿಲ್ಲ. ಹಣ್ಣಿನಲ್ಲಿ ಹುಳು ಕಂಡ ಮೇಲೆ ಬಲೆ ಕಟ್ಟಿ, ಬಲೆ ತುಂಬಿತೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ. ಕಾಯಿ ಬಲಿಯುವ ಮುಂಚೆಯೇ ಎಕರೆಗೆ ನಾಲ್ಕರಿಂದ ಆರು ಬಲೆ ತೂಗಬೇಕು. ಅಕ್ಕಪಕ್ಕದ ತೋಟದವರೂ ಕಟ್ಟಿದರೆ ಮಾತ್ರ ಪೂರ್ಣ ಪ್ರಯೋಜನ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಮಾವಿಗೆ ತಂದ ಆಮಿಷವನ್ನೇ ಹಾಗಲ, ಹೀರೆ, ಸೌತೆಯ ಚಪ್ಪರಕ್ಕೂ ಕಟ್ಟುವವರಿದ್ದಾರೆ. ಅಲ್ಲಿ ಕಾಯಿ ಕೆಡಿಸುವುದು ಬೇರೆ ನೊಣ. ಅದರ ಎದೆಯ ಮೇಲೆ ಎರಡಲ್ಲ, ಮೂರು ಹಳದಿ ಪಟ್ಟೆಗಳಿರುತ್ತವೆ. ರೆಕ್ಕೆಯ ಮೇಲೆ ಅಡ್ಡವಾದ ಕಂದು ಪಟ್ಟಿಯೂ ಇರುತ್ತದೆ. ಅದರ ಗಂಡು ಮೀಥೈಲ್ ಯೂಜಿನಾಲ್ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಕ್ಯೂಲ್ಯೂರ್ ಬೇಕು. ನಡುವಿನ ಒಂದು ಹಳದಿ ಗೆರೆ ಗಮನಿಸದೆ ಹೋದರೆ ಹಣವೂ ಹೋಯಿತು, ಕಾಯಿಯೂ ಹೋಯಿತು.

ವಿಜ್ಞಾನಿಗಳಿಗೂ ಈ ಗುರುತಿಸುವಿಕೆ ಸುಲಭವಾಗಿರಲಿಲ್ಲ. 1912ರಲ್ಲಿ ಹೆಂಡೆಲ್ ತೈವಾನಿನ ಮಾದರಿಗಳಿಂದ ಇದನ್ನು ಡೇಕಸ್ ಡಾರ್ಸಾಲಿಸ್ ಎಂದು ಹೆಸರಿಸಿದರು. ಡೇಕಸ್ ಕುಲದಲ್ಲಿ ಉದರದ ಬೆನ್ನಫಲಕಗಳು ಒಂದಕ್ಕೊಂದು ಬೆಸೆದಿರುತ್ತವೆ, ಇದರಲ್ಲಿ ಬಿಡಿಯಾಗಿವೆ. ಹೀಗಾಗಿ ಮುಂದೆ ಬ್ಯಾಕ್ಟ್ರೋಸೆರಾ ಕುಲಕ್ಕೆ ಸೇರಿಸಲಾಯಿತು. ಹಳೆಯ ಪುಸ್ತಕಗಳಲ್ಲಿ ಡೇಕಸ್ ಎಂದೇ ಇರುವುದನ್ನು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕು. 1994ರಲ್ಲಿ ಡ್ರೂ ಮತ್ತು ಹ್ಯಾನ್ಕಾಕ್ ಎಂಬ ತಜ್ಞರು ಈ ಗುಂಪಿನಲ್ಲಿ 52 ಪ್ರಭೇದಗಳಿವೆಯೆಂದರು. 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿ ಆಫ್ರಿಕಾದ ಮಾವಿನ ವ್ಯಾಪಾರವನ್ನು ಕಂಗೆಡಿಸಿದ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಎಂಬ ಹೊಸ ಹೆಸರು ಬಂತು. ಕೂಡಿಸಿ ಮರಿಮಾಡಿಸಿದ ಪ್ರಯೋಗಗಳು, ಅಂಗಗಳ ಅಳತೆ, ಡಿ.ಎನ್.ಎ. ಪರೀಕ್ಷೆ ಇವೆಲ್ಲದರಿಂದ ಅದು ಡಾರ್ಸಾಲಿಸ್ ನೊಣವೇ ಎಂದು ತಿಳಿದು, 2015ರಲ್ಲಿ ಆ ಹೆಸರನ್ನು ಕೈಬಿಡಲಾಯಿತು.

ಹೆಸರಿನ ವಿಚಾರ ಪಂಡಿತರದಷ್ಟೇ ಅಲ್ಲ. ರಫ್ತಾದ ಪೆಟ್ಟಿಗೆಗಳಲ್ಲಿ ಹಣ್ಣುನೊಣ ಸಿಕ್ಕಿತೆಂದು ಯೂರೋಪಿನ ಒಕ್ಕೂಟವು 2014ರ ಮೇ ತಿಂಗಳಿಂದ ಭಾರತದ ಮಾವನ್ನು ನಿಷೇಧಿಸಿ, 2015ರ ಆರಂಭದಲ್ಲಿ ನಿಷೇಧ ತೆರವು ಮಾಡಿತು. ಆ ಒಂದು ಹಂಗಾಮಿನ ನಷ್ಟವನ್ನು ರಫ್ತುದಾರರೊಂದಿಗೆ ಬೆಳೆಗಾರರೂ ಹೊರಬೇಕಾಯಿತು.

ಹಣ್ಣಿನಲ್ಲಿ ಸಿಕ್ಕ ಹುಳುವನ್ನಷ್ಟೇ ನೋಡಿ ಪ್ರಭೇದ ಹೇಳುವುದು ಕಷ್ಟ. ಗುರುತು ತಿಳಿಯಬಯಸುವವರು ಹುಳುಬಿದ್ದ ಹಣ್ಣನ್ನು ತುಸು ತೇವದ ಮರಳಿರುವ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿಡಬೇಕು. ಎರಡು ಮೂರು ವಾರಗಳಲ್ಲಿ ನೊಣ ಹೊರಬರುತ್ತದೆ. ಆಗಲೇ ಕೊಲ್ಲಬಾರದು, ಹೊಸ ನೊಣದ ಬಣ್ಣ ಪೇಲವವಾಗಿರುತ್ತದೆ. ಹತ್ತಿಯಲ್ಲಿ ಸಕ್ಕರೆ ನೀರು ಕೊಟ್ಟು ನಾಲ್ಕೈದು ದಿನ ಇಟ್ಟರೆ ಪಟ್ಟೆಗಳು ಸ್ಪಷ್ಟವಾಗುತ್ತವೆ. ಬಳಿಕ ಅದನ್ನು ಮದ್ಯಸಾರದ ಸೀಸೆಯಲ್ಲಿ ಹಾಕಿ, ಬೆಳೆಯ ಹೆಸರು, ಊರು, ದಿನಾಂಕ ಬರೆದ ಚೀಟಿಯೊಡನೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಬಹುದು.