ಒಪ್ಪಿದ ಮತ್ತು ಒಪ್ಪದ: ಮಿದುಳಿನಿಂದ ಮಾತನ್ನು ಓದುವ ಸಾಧನಗಳು ಹಾಗೂ ಕನ್ನಡದ ಪದರಚನೆ

1. ಪ್ರವೇಶ

ಪಾರ್ಶ್ವವಾಯು, ಎ.ಎಲ್.ಎಸ್. ಮೊದಲಾದ ಕಾಯಿಲೆಗಳಿಂದ ಮಾತು ಕಳೆದುಕೊಂಡವರ ಮಿದುಳಿನ ಸಂಕೇತಗಳನ್ನು ಗ್ರಹಿಸಿ ಪರದೆಯ ಮೇಲೆ ವಾಕ್ಯಗಳನ್ನು ಮೂಡಿಸುವ ಸಾಧನಗಳನ್ನು ಆಲೋಚನೆಯನ್ನು ಓದುವ ಯಂತ್ರಗಳೆಂದು ವರ್ಣಿಸುವುದು ರೂಢಿಯಾಗಿದೆ. ಭಾಷಾವಿಜ್ಞಾನದ ದೃಷ್ಟಿಯಿಂದ ಈ ವರ್ಣನೆ ನಿಖರವಲ್ಲ. ಈ ಸಾಧನಗಳು ಮುಖ್ಯವಾಗಿ ಓದುವುದು ಉಚ್ಚರಿಸುವ ಪ್ರಯತ್ನವನ್ನು. ಆ ಪ್ರಯತ್ನವನ್ನು ವಾಕ್ಯವಾಗಿಸುವುದು ಒಂದು ಪದಪಟ್ಟಿ ಮತ್ತು ಭಾಷಾ ಮಾದರಿ. ಮೊದಲ ಹಂತಕ್ಕಿಂತ ಎರಡನೆಯ ಹಂತವೇ ಭಾಷೆಯ ಸ್ವರೂಪವನ್ನು ಹೆಚ್ಚು ಅವಲಂಬಿಸಿದೆ ಎಂದೂ, ಕನ್ನಡಕ್ಕೆ ಇಂತಹ ಸಾಧನವನ್ನು ರೂಪಿಸುವಾಗ ಎಚ್ಚರ ಬೇಕಾದುದು ಅಲ್ಲಿಯೇ ಎಂದೂ ಈ ಲೇಖನದಲ್ಲಿ ವಾದಿಸುತ್ತೇವೆ.

2. ಸಂಕೇತದಿಂದ ಧ್ವನಿಮಾದವರೆಗೆ

ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ತಪ್ಪಿದ್ದ ವ್ಯಕ್ತಿಯೊಬ್ಬರು, ಮಿದುಳಿನ ಚಾಲಕ ಪ್ರದೇಶದಲ್ಲಿ ಅಳವಡಿಸಿದ 96 ಎಲೆಕ್ಟ್ರೋಡುಗಳ ನೆರವಿನಿಂದ ಕಂಪ್ಯೂಟರಿನ ಕರ್ಸರನ್ನು ಚಲಿಸಿದ ವರದಿ 2006ರಲ್ಲಿ ಪ್ರಕಟವಾಯಿತು. ಮಾತಿನ ಕ್ಷೇತ್ರದಲ್ಲಿ 2021ರ ಸ್ಯಾನ್ ಫ್ರಾನ್ಸಿಸ್ಕೋ ಪ್ರಯೋಗವು 50 ಪದಗಳ ಪಟ್ಟಿಯೊಂದಿಗೆ ನಿಮಿಷಕ್ಕೆ ಸುಮಾರು 15 ಪದಗಳ ವೇಗವನ್ನು ಸಾಧಿಸಿತು. 2023ರ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ವೇಗವು ನಿಮಿಷಕ್ಕೆ 62 ಪದಗಳಿಗೇರಿತು. 1,25,000 ಪದಗಳ ಪಟ್ಟಿಯನ್ನು ಬಳಸಿದಾಗ ಪದದೋಷ ಪ್ರಮಾಣ ಶೇ. 23.8 ಇತ್ತು. 2024ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡವು ಅಷ್ಟೇ ದೊಡ್ಡ ಪಟ್ಟಿಯೊಂದಿಗೆ ಶೇ. 97.5ರಷ್ಟು ನಿಖರತೆಯನ್ನು ವರದಿ ಮಾಡಿತು. ಈ ಮೂರೂ ಮಾತಿನ ಪ್ರಯೋಗಗಳು ಇಂಗ್ಲಿಷಿಗೆ ಸಂಬಂಧಿಸಿದವು.

ಸ್ಟ್ಯಾನ್‌ಫರ್ಡ್ ಸಾಧನವು ಪ್ರತಿ 80 ಮಿಲಿಸೆಕೆಂಡಿಗೊಮ್ಮೆ ಇಂಗ್ಲಿಷಿನ 39 ಧ್ವನಿಮಾಗಳಲ್ಲಿ ಪ್ರತಿಯೊಂದರ ಸಂಭಾವ್ಯತೆಯನ್ನು ಅಂದಾಜಿಸುತ್ತದೆ. ಉಪಯುಕ್ತ ಮಾಹಿತಿ ದೊರೆತದ್ದು ತುಟಿ, ನಾಲಗೆ, ದವಡೆಗಳ ಚಲನೆಗೆ ಸಂಬಂಧಿಸಿದ ಪ್ರದೇಶದಿಂದ. ಬ್ರೋಕಾ ಪ್ರದೇಶದ ಭಾಗವೆಂದು ಪರಿಗಣಿತವಾದ 44ನೆಯ ಕ್ಷೇತ್ರದಿಂದ ದೊರೆತದ್ದು ಅತ್ಯಲ್ಪ. ಉಚ್ಚಾರಣೆಯಲ್ಲಿ ಹತ್ತಿರವಿರುವ ಧ್ವನಿಮಾಗಳು ನರಸಂಕೇತದಲ್ಲಿಯೂ ಹತ್ತಿರವಿದ್ದವು. ಮನಸ್ಸಿನೊಳಗೇ ಆಡಿಕೊಂಡ ಮಾತನ್ನು ಓದುವ ಪ್ರಯೋಗವು 2025ರಲ್ಲಿ ಪ್ರಕಟವಾಗಿದೆಯಾದರೂ, ಉಚ್ಚರಿಸಲು ಯತ್ನಿಸಿದಾಗಿನ ಸಂಕೇತಕ್ಕಿಂತ ಅದರ ಸಂಕೇತ ದುರ್ಬಲವಾದುದು.

ಈ ಹಂತವು ಕನ್ನಡಕ್ಕೆ ಪ್ರತಿಕೂಲವಲ್ಲ. ದಂತ್ಯ ಮತ್ತು ಮೂರ್ಧನ್ಯಗಳ ವ್ಯತ್ಯಾಸ ನಾಲಗೆಯ ಭಂಗಿಯದೇ ಆಗಿದೆ. 2024ರಲ್ಲಿ ಪ್ರಕಟವಾದ ಸ್ಪ್ಯಾನಿಷ್–ಇಂಗ್ಲಿಷ್ ದ್ವಿಭಾಷಿಕರೊಬ್ಬರ ಅಧ್ಯಯನವು ಉಚ್ಚಾರಣೆಯ ನರವಿನ್ಯಾಸಗಳನ್ನು ಎರಡೂ ಭಾಷೆಗಳು ಹಂಚಿಕೊಳ್ಳುತ್ತವೆ ಎಂದು ತೋರಿಸಿದೆ. ಆದರೆ ‘ಬಳೆ–ಬಾಳೆ’, ‘ಹಳಿ–ಹಳ್ಳಿ’ ಜೋಡಿಗಳಲ್ಲಿ ಅರ್ಥಭೇದ ನಿಂತಿರುವುದು ಬಹುಮಟ್ಟಿಗೆ ಕಾಲಪ್ರಮಾಣದ ಮೇಲೆ. ಮಾತಿನ ಪ್ರಯತ್ನವೇ ನಿಧಾನವಾದಾಗ ಈ ಭೇದ ಎಷ್ಟು ಉಳಿಯುತ್ತದೆ ಎಂಬುದು ಪರೀಕ್ಷಿಸಬೇಕಾದ ಪ್ರಶ್ನೆ.

3. ಧ್ವನಿಮಾದಿಂದ ಪದದವರೆಗೆ

ಧ್ವನಿಮಾಗಳ ಅಸ್ಪಷ್ಟ ಸರಣಿಯಿಂದ ವಾಕ್ಯವನ್ನು ಆಯ್ದುಕೊಡುವುದು ಪದಪಟ್ಟಿ ಮತ್ತು ಭಾಷಾ ಮಾದರಿಗಳ ಕೆಲಸ. ಪದರೂಪಗಳು ಸೀಮಿತವಾಗಿರುವ ಇಂಗ್ಲಿಷಿಗೆ 1,25,000 ಪದಗಳ ಪಟ್ಟಿ ಬಹುತೇಕ ಸಾಕಾಗುತ್ತದೆ. ಕನ್ನಡದಲ್ಲಿ ‘ಮನೆಯವರಿಗೂ’, ‘ಮನೆಯವರಿಗಾದರೂ’, ‘ಮನೆಯವರಿಂದಲೇ’ ಎಂದು ಒಂದೇ ಪ್ರಕೃತಿಯಿಂದ ರೂಪಗಳು ಬೆಳೆಯುತ್ತಲೇ ಹೋಗುತ್ತವೆ. ಸಂಧಿ ಅವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇಲ್ಲಿ ಪಟ್ಟಿಯನ್ನು ಮುಚ್ಚಲಾಗದು.

ಇದಕ್ಕಿಂತ ಗಂಭೀರವಾದುದು ನಿಷೇಧದ ವಿಷಯ. ‘ನಾನು ಒಪ್ಪಿದ ಚಿಕಿತ್ಸೆ’ ಮತ್ತು ‘ನಾನು ಒಪ್ಪದ ಚಿಕಿತ್ಸೆ’ ಎಂಬ ಪದಪುಂಜಗಳನ್ನು ಗಮನಿಸಬಹುದು. ಭೂತ ಕೃದಂತಕ್ಕೂ ನಿಷೇಧ ಕೃದಂತಕ್ಕೂ ಇಲ್ಲಿರುವ ಅಂತರ ಪದಮಧ್ಯದ ಒಂದು ಹ್ರಸ್ವಸ್ವರ ಮಾತ್ರ. ಸಂಕೇತ ಅಸ್ಪಷ್ಟವಾದಾಗ ಮಾದರಿಯು ಹೆಚ್ಚು ಸಂಭವನೀಯವಾದ ರೂಪದ ಕಡೆಗೆ ವಾಲುತ್ತದೆ. ರೋಗಿಯ ನಿರಾಕರಣೆ ಸಮ್ಮತಿಯಾಗಿ ಪರದೆಯ ಮೇಲೆ ಮೂಡಬಹುದು. ಆಡುಮಾತಿನಲ್ಲಿ ಈ ಸ್ವರವೂ ಉಳಿಯುವುದಿಲ್ಲ: ‘ನಾನು ಹೇಳ್ದೆ’ ಎಂಬಲ್ಲಿ ‘ಹೇಳಿದೆ’, ‘ಹೇಳ್ದೆ ಹೋದ’ ಎಂಬಲ್ಲಿ ‘ಹೇಳದೆ’. ಕೇಳುಗರು ಸಂದರ್ಭದಿಂದ ಇದನ್ನು ಸರಿಯಾಗಿ ಗ್ರಹಿಸುತ್ತಾರೆ. ಆದರೆ ಬರೆಹದ ಕನ್ನಡದಿಂದಷ್ಟೇ ತರಬೇತಿ ಪಡೆದ ಮಾದರಿಗೆ ‘ಹೇಳ್ದೆ’ ಎಂಬ ರೂಪವೇ ಅಪರಿಚಿತವಾಗಬಹುದು. ಮಾತನಾಡಲು ಯತ್ನಿಸುವ ವ್ಯಕ್ತಿ ಬಳಸುವುದು ತಮ್ಮ ಮನೆಯ ಕನ್ನಡವನ್ನೇ ಹೊರತು ಗ್ರಂಥಭಾಷೆಯನ್ನಲ್ಲ.

ಈಗ ರೂಢಿಯಲ್ಲಿರುವ ಪದದೋಷ ಪ್ರಮಾಣ ಎಂಬ ಅಳತೆ ಈ ಸಮಸ್ಯೆಯನ್ನು ತೋರಿಸುವುದಿಲ್ಲ. ‘ಮನೆಯವರಿಗೂ’ ಎಂಬುದು ‘ಮನೆಯವರಿಗೆ’ ಎಂದಾದರೆ ಒಂದು ದೋಷ. ‘ಒಪ್ಪದ’ ಎಂಬುದು ‘ಒಪ್ಪಿದ’ ಎಂದಾದರೂ ಒಂದೇ ದೋಷ.

4. ಉಪಸಂಹಾರ

ಮೇಲಿನ ವಿಶ್ಲೇಷಣೆಯಿಂದ ಮೂರು ಸಲಹೆಗಳು ಹೊರಡುತ್ತವೆ. ಒಂದು, ಕನ್ನಡದ ಸಾಧನವು ಸಿದ್ಧ ಪದರೂಪಗಳ ಪಟ್ಟಿಗೆ ಬದಲು ಪ್ರಕೃತಿ–ಪ್ರತ್ಯಯಗಳ ವಿಶ್ಲೇಷಣೆಯನ್ನು ಆಧರಿಸಬೇಕು. ಎರಡು, ಭಾಷಾ ಮಾದರಿಗೆ ಪ್ರಾದೇಶಿಕ ಆಡುಮಾತಿನ ಲಿಪ್ಯಂತರಗಳು ಆಧಾರವಾಗಬೇಕು. ಮೂರು, ನಿಷೇಧವನ್ನು ತಲೆಕೆಳಗಾಗಿಸುವ ದೋಷಗಳನ್ನು ಪ್ರತ್ಯೇಕವಾಗಿ ಎಣಿಸಬೇಕು. ಅಂತಹ ರೂಪಗಳಲ್ಲಿ ಮಾದರಿಗೆ ಖಚಿತತೆಯಿಲ್ಲದಾಗ ಎರಡೂ ಆಯ್ಕೆಗಳನ್ನು ಬಳಕೆದಾರರ ಮುಂದಿಟ್ಟು ಕೇಳಬೇಕು.

ಎಲೆಕ್ಟ್ರೋಡುಗಳನ್ನು ನಿರ್ಮಿಸುವುದು ನಮ್ಮ ಕ್ಷೇತ್ರದ ಕೆಲಸವಲ್ಲ. ಆದರೆ ಇಲ್ಲಿ ಪಟ್ಟಿಮಾಡಿದ ಮೂರೂ ಭಾಷಾವಿಜ್ಞಾನಿಗಳ ಕೆಲಸಗಳೇ ಆಗಿವೆ. ಇವುಗಳಿಗೆ ಶಸ್ತ್ರಚಿಕಿತ್ಸಾಲಯ ಬೇಕಿಲ್ಲ. ಕ್ಷೇತ್ರಕಾರ್ಯವೂ ಪದರಚನೆಯ ವಿವರವಾದ ವರ್ಣನೆಯೂ ಬೇಕು. ಅವು ಸಾಧನಕ್ಕಿಂತ ಮೊದಲೇ ಸಿದ್ಧವಾಗಿದ್ದರೆ, ಅದನ್ನು ಬಳಸುವ ಕನ್ನಡಿಗರ ‘ಒಪ್ಪದ’ ಎಂಬ ಮಾತು ‘ಒಪ್ಪದ’ ಎಂದೇ ಮೂಡುವ ಸಂಭವ ಹೆಚ್ಚುತ್ತದೆ.