ಲಾಯದಲ್ಲಿ ಒಡೆದ ತೋಟಾ

ಖಾಲಿ ತೋಟಾ ಆಯ್ದು ಮತ್ತೆ ಮದ್ದು ತುಂಬುವ ಹವ್ಯಾಸದವರು ಹೊಸಬರಿಗೆ ಹೇಳುವ ಬುದ್ಧಿಮಾತೊಂದಿದೆ: ಅಮೋನಿಯಾ ಇರುವ ಪಾಲಿಶ್ ಹಚ್ಚಿ ಹಿತ್ತಾಳೆ ಉಜ್ಜಬೇಡಿ. ಫಳಫಳ ಹೊಳೆಯುತ್ತದೆ, ನಿಜ. ಆದರೆ ಒಂದು ದಿನ ತೋಟಾದ ಕೊರಳು ಸೀಳುತ್ತದೆ. ಸೀಳಿದ ಕೊರಳಿಗೆ ಗುಂಡನ್ನು ಕಚ್ಚಿ ಹಿಡಿಯಲಾಗದು. ಗುಂಡು ಸಡಿಲವಾಗಿ ಓರೆಯಾಯಿತೋ, ಅದು ಚೇಂಬರಿನೊಳಗೆ ಕೂರುವುದೇ ಇಲ್ಲ. ಈ ಬುದ್ಧಿಮಾತಿನ ಬೇರು ಹುಡುಕುತ್ತಾ ಹೋದರೆ ಬ್ರಿಟಿಷರ ಕಾಲದ ಭಾರತದ ಕುದುರೆ ಲಾಯಕ್ಕೆ ಬಂದು ನಿಲ್ಲುತ್ತೇವೆ.

ಮಳೆಗಾಲ ಹಿಡಿಯಿತೆಂದರೆ ಪಡೆಗಳ ಓಡಾಟ ತಗ್ಗುತ್ತಿತ್ತು. ಮದ್ದುಗುಂಡನ್ನು ನೆನೆಯದ ಕಡೆ ಇಡಬೇಕು. ಲಾಯಕ್ಕೆ ಸೂರಿತ್ತು, ಅಲ್ಲೇ ಇಟ್ಟರು. ಮಳೆ ಹೊಳವಾದ ಮೇಲೆ ತೆಗೆದು ನೋಡಿದರೆ ಹಾರಿಸದೆ ಇಟ್ಟ ತೋಟಾಗಳೇ ಬಿರುಕು ಬಿಟ್ಟಿದ್ದವು. ಅದೂ ಬಹುಪಾಲು ಗುಂಡಿನ ಸುತ್ತ ಹಿತ್ತಾಳೆಯನ್ನು ಅಮುಕಿ ಬಿಗಿಮಾಡಿದ ಜಾಗದಲ್ಲಿ. ಯಾರೂ ಕುಟ್ಟಿರಲಿಲ್ಲ, ಬೀಳಿಸಿರಲಿಲ್ಲ.

ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರು ಬಿತ್ತು. ಮಳೆಗಾಲದಲ್ಲಿ ಆಗುವುದರಿಂದ ಆ ಹೆಸರು ಎನ್ನುವವರಿದ್ದಾರೆ. ಹದಕ್ಕಿಟ್ಟ ಮರದ ಸೀಳಿನಂತೆ ಕಾಣುತ್ತದೆ, ಅದಕ್ಕೆ ಎನ್ನುವವರೂ ಇದ್ದಾರೆ. ಹೇಗೇ ಇರಲಿ, ಹೆಸರೇ ದಾರಿ ತಪ್ಪಿಸಿತೇನೋ ಎಂಬ ಗುಮಾನಿ ನನ್ನದು. ಹವಾಮಾನದ ತಲೆಗೆ ಕಟ್ಟಿದ ಮೇಲೆ ಇನ್ನೇನು ಕೇಳುವುದಿದೆ? ಬೆಳಗ್ಗೆ ಲಾಯದ ಬಾಗಿಲು ತೆಗೆದವನ ಮೂಗಿಗೆ ಘಾಟು ಹೊಡೆದೇ ಇರುತ್ತದೆ. ಕೊಟ್ಟಿಗೆ ಇರುವ ಮನೆಯಲ್ಲಿ ಬೆಳೆದವರಿಗೆ ಆ ಘಾಟನ್ನು ವಿವರಿಸಬೇಕಿಲ್ಲ.

ಇನ್ನೊಂದು ಸುಳಿವು ಲೋಹದೊಳಗೇ ಅಡಗಿತ್ತು. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ನಾಣ್ಯದಂಥ ಬಿಲ್ಲೆಯನ್ನು ಮೊದಲು ಬಟ್ಟಲಾಗಿ ಒತ್ತಿ, ಆ ಬಟ್ಟಲನ್ನು ಅಚ್ಚಿನಿಂದ ಅಚ್ಚಿಗೆ ಎಳೆದೆಳೆದು ಕೊಳವೆ ಮಾಡುತ್ತಾರೆ. ಎಲ್ಲವೂ ತಣ್ಣಗಿದ್ದಾಗಲೇ ನಡೆಯುವ ಕೆಲಸ. ಎಳೆದಷ್ಟೂ ಲೋಹ ಗಡುಸಾಗುತ್ತದೆ, ಜೊತೆಗೆ ಒಳಗೊಂದು ಸೆಳೆತ ಉಳಿದುಬಿಡುತ್ತದೆ. ಮೈಯ ಒಂದು ಪದರ ಹಿಗ್ಗಲು ನೋಡುತ್ತದೆ, ಪಕ್ಕದ್ದು ಅದನ್ನು ಜಗ್ಗಿ ಹಿಡಿದಿರುತ್ತದೆ. ಕಣ್ಣಿಗೆ ಕಾಣದ ಈ ಜಗ್ಗಾಟವನ್ನು ಅಳೆದು ತೋರಿಸಿದವರಲ್ಲಿ ಜರ್ಮನಿಯ ಎಮಿಲ್ ಹೈನ್ ಮುಖ್ಯ. ಸರಳಿನ ಹೊರಪದರವನ್ನು ಕಡಸಲಿನಲ್ಲಿ ಹೆರೆದು, ಉಳಿದ ತಿರುಳು ಎಷ್ಟು ಉದ್ದವಾಯಿತು, ಎಷ್ಟು ಗಿಡ್ಡವಾಯಿತು ಎಂದು ನೋಡುವುದು ಅವನ ಉಪಾಯ. ಹೆರೆದಂತೆಲ್ಲ ಉದ್ದ ಬದಲಾದರೆ ಒಳಗೆ ಬಿಗಿತವಿದೆ ಎಂದೇ ಅರ್ಥ.

1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಎರಡೂ ಸುಳಿವನ್ನು ಒಂದೆಡೆ ತಂದರು. ಕುದುರೆ ಗಂಜಲದಿಂದ ಏಳುವ ಅಮೋನಿಯಾ ಒಂದು ಕಡೆ, ಎಳೆದ ಹಿತ್ತಾಳೆಯ ಒಳಬಿಗಿತ ಇನ್ನೊಂದು ಕಡೆ. ಬಿಗಿತ ಕಳೆದ ಹಿತ್ತಾಳೆಯನ್ನು ಅಮೋನಿಯಾದ ಹಬೆಗೆ ಹಿಡಿದರೆ ಮೈಬಣ್ಣ ಕೆಟ್ಟೀತು, ಸೀಳುವುದಿಲ್ಲ. ಬಿಗಿತವಿರುವ ತೋಟಾ ಒಳ್ಳೆಯ ಗಾಳಿಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದೀತು. ಇವೆರಡೂ ಲಾಯದಲ್ಲಿ ಕೂಡಿಬಿಟ್ಟಿದ್ದವು. ಮಳೆ ಮಾಡಿದ್ದು ಇಷ್ಟೇ: ಗಾಳಿಗೆ ತೇವ ಕೊಟ್ಟಿತು. ಆ ತೇವದಲ್ಲಿ ಅಮೋನಿಯಾ ಕರಗಿ, ಗಾಳಿಯ ಆಮ್ಲಜನಕವೂ ಸೇರಿ, ತಾಮ್ರವನ್ನು ನೀಲಿ ದ್ರಾವಣವಾಗಿ ಹೀರುತ್ತದೆ. ಲೋಹದ ಹರಳುಗಳು ಒಂದಕ್ಕೊಂದು ತಾಗುವ ಅಂಚುಗಳಲ್ಲಿ ಕೊರೆತ ಶುರುವಾದರೆ, ಒಳಗಿನ ಸೆಳೆತವೇ ಸೀಳನ್ನು ಮುಂದಕ್ಕೆ ಅಗಲಿಸಿಕೊಂಡು ಹೋಗುತ್ತದೆ.

ಪರಿಹಾರ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಹದವಾಗಿ ಕಾಯಿಸಬೇಕು. ಬಿಗಿತ ಇಳಿಯುತ್ತದೆ, ಗಡಸುತನ ಹೋಗುವುದಿಲ್ಲ. ಮಿತಿಮೀರಿ ಕಾಯಿಸಿದರೆ ಹಿತ್ತಾಳೆ ಮೆತ್ತಗಾಗಿ ತೋಟಾ ಕೆಲಸಕ್ಕೆ ಬಾರದು, ಸೂಕ್ಷ್ಮವಿರುವುದು ಅಲ್ಲಿ. ಬಿಗಿತ ಇಳಿದಿದೆಯೋ ಇಲ್ಲವೋ ಎಂದು ತಿಳಿಯಲು ಮಳೆಗಾಲಕ್ಕೆ ಕಾಯಬೇಕಿಲ್ಲ. ಪಾದರಸದ ಲವಣ, ಮರ್ಕ್ಯುರಸ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಿದರೆ ಸಾಕು: ಬಿಗಿತ ಉಳಿದ ತೋಟಾ ಕೆಲವೇ ನಿಮಿಷಗಳಲ್ಲಿ ಬಾಯಿ ಬಿಡುತ್ತದೆ.

ಸೈನ್ಯದ ರೈಫಲ್ ತೋಟಾ ಕೈಗೆ ಸಿಕ್ಕರೆ ಕೊರಳ ಹತ್ತಿರ ನೋಡಿ. ಎಷ್ಟೋ ಸಲ ಅಲ್ಲಿ ಕಂದು-ನೀಲಿಯ ಒಂದು ಛಾಯೆ ಇರುತ್ತದೆ, ಒಲೆಯ ಮೇಲೆ ಹೆಚ್ಚು ಹೊತ್ತು ಉಳಿದ ಪಾತ್ರೆಯ ಅಂಚಿನಂತೆ. ಕೊರಳನ್ನು ಕಾಯಿಸಿದ ಗುರುತು ಅದು. ಗೊತ್ತಿಲ್ಲದವರು ಕೊಳೆ ಅಂದುಕೊಂಡು ಪಾಲಿಶ್ ಡಬ್ಬಿ ತೆರೆಯುತ್ತಾರೆ.